ಅಗಲ ಪಾದದ ಊರುಗಾಲು

ಬಂಡೆಕೇರಿ, ಸಂಡೂರು ಗುಡ್ಡಗಳ ಬುಡ
ಮರುಮಳೆ ತಿಂಗಳ ಒಂಬತ್ತನೆಯ ದಿನ, ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು

ನಾನು ಕಾಣದ ಹಿರಿಯರಿಗೆ,

ಮರುಮಳೆ ಎಂಬ ತಿಂಗಳು ನಿಮ್ಮ ಪಂಚಾಂಗದಲ್ಲಿ ಇಲ್ಲ. ವರ್ಷಕ್ಕೆ ಎರಡು ಸಲ ಮುಂಗಾರು ಬರತೊಡಗಿದ ಮೇಲೆ ನಮ್ಮ ಅಜ್ಜಂದಿರು ಅದನ್ನು ಸೇರಿಸಿಕೊಂಡರು. ಇಂಥ ಒಗ್ಗದ ಮಾತುಗಳು ಈ ಪತ್ರದಲ್ಲಿ ಇನ್ನೂ ಕೆಲವು ಬರುತ್ತವೆ, ಮನ್ನಿಸಬೇಕು. ಬಂದಲ್ಲೇ ಅರ್ಥ ಹೇಳುತ್ತೇನೆ. ಈ ಪತ್ರ ನಿಮ್ಮ ಕೈಗೆ ಹೇಗೆ ಸೇರುತ್ತದೋ ನನಗೆ ತಿಳಿಯದು. ಆದರೆ ನಿಮ್ಮ ಕಾಲದವರೊಬ್ಬರು ಬರೆದಿಟ್ಟ ಒಂದು ಹಾಳೆ ನನ್ನ ಕೈ ಸೇರಿತ್ತು. ಅದರಿಂದ ಏನಾಯಿತು ಎಂಬುದನ್ನು ನಿಮಗೆ ತಿಳಿಸದೆ ಇರಲಾರೆ.

ನನ್ನ ಹೆಸರು ಹಂಪಮ್ಮ. ವಯಸ್ಸು ಐವತ್ತೆರಡು. ಬಂಡೆಕೇರಿಯಲ್ಲಿ ಒಂಟಿಗಾಲಿ ರಿಪೇರಿ ಮಾಡುತ್ತೇನೆ. ಒಂದೇ ಚಕ್ರದ, ಬ್ಯಾಟರಿಯಿಂದ ಓಡುವ, ಎರಡೂ ಪಕ್ಕದ ಮೆಟ್ಟುಗಳ ಮೇಲೆ ನಿಂತು ಸವಾರಿ ಮಾಡುವ ಆ ಗಾಡಿಯನ್ನು ನೀವು ಆಟಕ್ಕೂ ಆಫೀಸಿಗೂ ಬಳಸುತ್ತಿದ್ದಿರಂತೆ. ನಮಗೆ ಅದಿಲ್ಲದೆ ಗುಡ್ಡದ ಮೇಲೆ ಔಷಧವಿಲ್ಲ. ನಿಮ್ಮ ಕಾಲದಲ್ಲಿ ಅದಿರಿಗಾಗಿ ಕಡಿದ ಗುಡ್ಡಗಳು ಈಗ ದೊಡ್ಡ ದೊಡ್ಡ ಮೆಟ್ಟಿಲುಗಳಂತೆ ನಿಂತಿವೆ. ಹದಿನಾಲ್ಕು ಮೆಟ್ಟಿಲು, ಮೇಲೆ ಒಂಬತ್ತು ಹಟ್ಟಿ. ರಸ್ತೆಗಳು ಕೊಚ್ಚಿಹೋಗಿ ಅರವತ್ತು ವರ್ಷವಾಯಿತು. ಉಳಿದದ್ದು ಎರಡು ಮೊಳ ಅಗಲದ ಕಾಲುದಾರಿ. ಅದರ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದ ಕೆಂಪು ನೀರು. ಹಾರುವ ಯಂತ್ರಗಳನ್ನು ಆಸ್ಪತ್ರೆಯವರು ಎರಡು ಸಲ ಪ್ರಯತ್ನಿಸಿದರು. ಗುಡ್ಡದ ಗಾಳಿ ಎರಡನ್ನೂ ಬಂಡೆಗೆ ಹೊಡೆಯಿತು. ಹಾಗಾಗಿ ಏಳು ಜನ ಗಾಲಿಯವರು ಬೆನ್ನಿಗೆ ತಂಪುಡಬ್ಬಿ ಕಟ್ಟಿಕೊಂಡು ಹತ್ತಿಳಿಯುತ್ತಾರೆ. ತಂಪುಡಬ್ಬಿ ಎಂದರೆ ಔಷಧವನ್ನೂ ರಕ್ತವನ್ನೂ ತಣ್ಣಗಿಡುವ ಪೆಟ್ಟಿಗೆ.

ಅವರ ಗಾಡಿಗಳಿಗೆ ಬೇಕಾದ ಸಲಕರಣೆಯೆಲ್ಲ ನನ್ನ ಕೈಯಲ್ಲೇ ಆಗುತ್ತದೆ. ಬಂಡೆಯ ಮೇಲೆ ಜಾರದಂತೆ ಮೆಟ್ಟಿಗೆ ಮೊಳೆ ಹೊಡೆಯುತ್ತೇನೆ. ಏರಿನಲ್ಲಿ ಮೊಣಕಾಲು ಒತ್ತಿ ಹಿಡಿಯಲು ಹಳೆಯ ಟೈರಿನಿಂದ ಕಾಲ್ದಿಂಬು ಕತ್ತರಿಸುತ್ತೇನೆ. ಕೆಸರು ಬೆನ್ನಿಗೆ ಸಿಡಿಯದಂತೆ ಹಿಂದೆ ತಗಡು ಕಟ್ಟುತ್ತೇನೆ. ಬಗೆಹರಿಯದೆ ಉಳಿದದ್ದು ಊರುಗಾಲು ಮಾತ್ರ. ನೀವು ಅದನ್ನು ಸ್ಟ್ಯಾಂಡ್ ಎನ್ನುತ್ತಿದ್ದಿರಿ. ಗಾಡಿಯ ಜೊತೆ ಬಂದ ಊರುಗಾಲಿನ ಪಾದ ಎರಡು ಬೆರಳಗಲ. ಸಿಮೆಂಟಿನ ನೆಲದ ಮೇಲೆ ಅದು ಸರಿಯೇ. ನಮ್ಮ ಒದ್ದೆ ಮಣ್ಣಿಗೆ ಊರಿದರೆ ಬೆಣ್ಣೆಗೆ ಬೆರಳಿಟ್ಟ ಹಾಗೆ ಇಳಿಯುತ್ತದೆ. ನಲವತ್ತು ಕಿಲೋದ ಗಾಡಿ ಮಗುಚಿ, ಉರುಳಿ, ನೀರಿಗೆ. ಕಳೆದ ವರ್ಷವೊಂದರಲ್ಲೇ ಮೂರು ಗಾಡಿ ಹಾಗೆ ಹೋದವು. ಅದಕ್ಕೆ ಹೆದರಿ ಗಾಲಿಯವರು ಒಂದು ಕೈಯಲ್ಲಿ ಗಾಡಿ ಹಿಡಿದು ಇನ್ನೊಂದು ಕೈಯಲ್ಲಿ ರೋಗಿಯನ್ನು ನೋಡುತ್ತಿದ್ದರು.

ಏಳು ಜನರಲ್ಲಿ ಹಿರಿಯಳು ಸೀತ್ಲಿಬಾಯಿ. ನಲವತ್ತು ವರ್ಷ, ತಾಂಡಾದ ಹೆಣ್ಣುಮಗಳು. ದಾರಿಯಲ್ಲೇ ಎರಡು ಹೆರಿಗೆ ಮಾಡಿಸಿದವಳು. ಎರಡನೆಯ ಹೆರಿಗೆಯಲ್ಲಿ ಗಾಡಿ ಉರುಳುತ್ತದೆಂದು ಅದನ್ನು ಸೊಂಟದಿಂದ ಬಂಡೆಗೆ ಒತ್ತಿ ಹಿಡಿದೇ ಕೂಸನ್ನು ಹಿಡಿದಿದ್ದಳಂತೆ. ಮರುದಿನ ನನ್ನ ಅಂಗಡಿಗೆ ಬಂದು, "ಅಕ್ಕಾ, ನನಗ ಎರಡೂ ಕೈ ಬೇಕು. ಏನಾರ ಮಾಡು," ಎಂದಳು.

ಆಗ ನಾನು ನಿಮ್ಮ ಕಾಲದ ಹಾಳೆಯನ್ನು ಹೊರತೆಗೆದೆ. ನನಗೆ ಕೆಲಸ ಕಲಿಸಿದ ಹುಸೇನಪ್ಪನವರ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು ಅದು. ಬರೆದವರ ಹೆಸರಿಲ್ಲ. ಊರುಗಾಲಿನ ಪಾದವನ್ನು ಅಂಗೈಯಗಲ ಮಾಡುವುದು ಹೇಗೆ, ಎಷ್ಟು ದಪ್ಪದ ತಗಡು, ಬೋಲ್ಟ್ ಎಲ್ಲಿ, ಎಲ್ಲವನ್ನೂ ಚಿತ್ರ ಬಿಡಿಸಿ ಬರೆದಿದ್ದರು. ಕೊನೆಯಲ್ಲಿ ಒಂದೇ ಸಾಲು: "ಈಗ ಕೆಸರಿನಲ್ಲೂ ಸೊಗಸಾಗಿ ನಿಲ್ಲುತ್ತದೆ."

ಹಳೆಯ ಬುಲ್ಡೋಜರಿನ ತಗಡು ಕತ್ತರಿಸಿ ಬೆಸುಗೆ ಹಾಕಿದೆ. ನಿಂತಿತು. ಕೆಸರು ಕಲಸಿ ಅದರೊಳಗೆ ನಿಲ್ಲಿಸಿ ಒದ್ದೆ, ಅಲುಗಲಿಲ್ಲ. ಹತ್ತು ದಿನದಲ್ಲಿ ಏಳೂ ಗಾಡಿಗಳಿಗೆ ಹಾಕಿಕೊಟ್ಟೆ. ಗಾಲಿಯವರು ನನ್ನ ಕೊರಳಿಗೆ ಹಾರ ಹಾಕುವುದೊಂದು ಬಾಕಿ.

ಹನ್ನೊಂದನೆಯ ದಿನ ಒಂದು ಗಾಡಿಯನ್ನು ಅಂಗಳದ ಕಲ್ಲುಗಳ ಮೇಲೆ ಓಡಿಸಿ ನೋಡುತ್ತಿದ್ದೆ. ಮಡಚಿದ ಊರುಗಾಲು ಕುಲುಕಾಟಕ್ಕೆ ಒಂದು ಇಂಚು ಕೆಳಗಿಳಿಯಿತು. ಪಾದದ ಭಾರ ಹೆಚ್ಚಿತ್ತು, ಅದನ್ನು ಮೇಲಕ್ಕೆಳೆದು ಹಿಡಿಯುವ ಸ್ಪ್ರಿಂಗ್ ಮಾತ್ರ ಹಳೆಯದೇ. ನನಗೆ ಆ ಕ್ಷಣವೇ ಅರ್ಥವಾಯಿತು. ಬಿಗಿ ಸ್ಪ್ರಿಂಗ್ ಪಟ್ಟಣದಿಂದ ಬರಲು ವಾರ ಬೇಕು. ಅಲ್ಲಿಯವರೆಗೆ ಗಾಡಿಗಳನ್ನು ನಿಲ್ಲಿಸಿರೆಂದು ಹೇಳಬೇಕಿತ್ತು. ಹೇಳಲಿಲ್ಲ. ಹೊಗಳಿಸಿಕೊಂಡ ಬಾಯಿಂದ ತಪ್ಪಾಯಿತೆಂದು ಹೇಳಲು ನಾಲಗೆ ಏಳಲಿಲ್ಲ. ಟ್ಯೂಬಿನ ರಬ್ಬರ್ ಪಟ್ಟಿಗಳನ್ನು ಕತ್ತರಿಸಿ, "ಇದನ್ನೂ ಸುತ್ತಿಕೊಳ್ಳಿ, ಸದ್ದು ಬರಲ್ಲ," ಎಂದು ಹಂಚಿದೆ. ಸದ್ದಿಗಾಗಿ ಎಂದೆ. ಬೀಳದಿರಲೆಂದು ಎನ್ನಲಿಲ್ಲ.

ಅದಾದ ನಾಲ್ಕನೆಯ ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಮೇಲುಹಟ್ಟಿಯಿಂದ ವೈರ್‌ಲೆಸ್ಸಿನಲ್ಲಿ ಕರೆ ಬಂತು. ಗಾದಿಲಿಂಗಮ್ಮ ಎಂಬ ಹೆಂಗಸಿಗೆ ಕೊಳಕುಮಂಡಲ ಕಚ್ಚಿದೆ. ಅಲ್ಲಿನ ನರ್ಸ್ ಬಳಿ ವಿಷದ ಮದ್ದು ಮುಗಿದಿದೆ. ಕಚ್ಚಿದ ಎರಡು ಗಂಟೆಯೊಳಗೆ ಮದ್ದು ತಲುಪಬೇಕು. ಉಳಿದ ಆರು ಜನ ತೆಂಕಣ ಹಟ್ಟಿಗಳ ಕಡೆ ಹೋಗಿದ್ದರು. ಸೀತ್ಲಿ ಆಸ್ಪತ್ರೆಯಿಂದ ಮದ್ದು ತೆಗೆದುಕೊಂಡು ನನ್ನ ಅಂಗಡಿಯ ಮುಂದೆಯೇ ಹಾದುಹೋದಳು. ಕೈ ಬೀಸಿದಳು. ನಾನೂ ಬೀಸಿದೆ.

ವೈರ್‌ಲೆಸ್ಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಅವಳು ಒಂದೊಂದು ಮೆಟ್ಟಿಲು ದಾಟಿದಾಗಲೂ ಸಂಖ್ಯೆ ಹೇಳುತ್ತಿದ್ದಳು. ಮೂರು. ನಾಲ್ಕು. ಐದು. ಆಮೇಲೆ ಕಲ್ಲಿಗೆ ಕಬ್ಬಿಣ ಉಜ್ಜಿದ ಸದ್ದು ಬಂತು, ಮುಂದೆ ಏನೂ ಇಲ್ಲ. ಎಷ್ಟು ಕರೆದರೂ ಉತ್ತರವಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳ ದನಿ ಕೇಳಿಸಿತು.

"ಅಕ್ಕಾ, ಬಿದ್ದೀನಿ. ತಿರುವಿನಾಗ ರಬ್ಬರ್ ಪಟ್ಟಿ ಹರಿದು ಊರುಗಾಲು ಇಳೀತು, ಕಲ್ಲಿನ ಸಂದಿಗೆ ಸಿಕ್ತು. ಗಾಡಿ ನೀರಿಗೆ ಹೋತು. ತೊಡಿ ಮುರಿದದ. ಡಬ್ಬಿ ಬೆನ್ನಮ್ಯಾಲೇ ಐತಿ."

ನಾನು ಗುಡ್ಡಕ್ಕೆ ಗಾಡಿ ಹತ್ತಿಸಿ ಹನ್ನೊಂದು ವರ್ಷವಾಗಿತ್ತು. ಮೊಣಕೈ ಮುರಿದ ಮೇಲೆ ಅಂಗಳ ಬಿಟ್ಟು ಹೊರಗೆ ಓಡಿಸಿರಲಿಲ್ಲ. ಆ ಏಳು ಗಾಡಿ ಬಿಟ್ಟರೆ ಅಂಗಡಿಯಲ್ಲಿದ್ದದ್ದು ನನ್ನದೇ ಹಳೆಯ ಒಂದು ಗಾಡಿ, ಅದಕ್ಕೂ ಅದೇ ಅಗಲ ಪಾದ. ಬಿಚ್ಚಲು ಹೊತ್ತಿರಲಿಲ್ಲ. ತಂತಿ ಸುತ್ತಿ, ಇಕ್ಕಳದಿಂದ ತಿರುಚಿ, ಊರುಗಾಲನ್ನು ಮೇಲಕ್ಕೆ ಬಿಗಿದೆ. ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟೆ. ಮೊದಲ ಮೆಟ್ಟಿಲಲ್ಲೇ ಹಿಂದಕ್ಕೆ ವಾಲಿ ಎರಡು ಸಲ ನೆಲಕ್ಕೆ ಕಾಲೂರಿದೆ. ಈ ಗಾಡಿ ಹೆದರಿದವರನ್ನು ತಾನೂ ಹೆದರಿಸುತ್ತದೆ. ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ, ನಿಂತರೆ ಬೀಳುತ್ತದೆ. ಕೆಳಗೆ ನೋಡಬಾರದೆಂದು ಮುಂದಿನ ಹತ್ತು ಮಾರು ಮಾತ್ರ ನೋಡಿದೆ. ಬಾಯಲ್ಲಿ ಕೆಂಪು ಮಣ್ಣಿನ ರುಚಿ.

ಆರನೆಯ ಮೆಟ್ಟಿಲ ತಿರುವಿನಲ್ಲಿ ಬಂಡೆಯ ಮೇಲೆ ಹೊಳೆಯುವ ಹೊಸ ಗೀರು ಕಂಡಿತು. ನನ್ನ ತಗಡಿನದೇ. ಎರಡಾಳು ಆಳದಲ್ಲಿ, ಹಾಸಿಗೆಯಷ್ಟು ಅಗಲದ ಚಾಚುಕಲ್ಲಿನ ಮೇಲೆ ಸೀತ್ಲಿ ಒರಗಿದ್ದಳು. ಅದರ ಕೆಳಗೆ ಬರೀ ನೀರು. ಹಗ್ಗ ಇಳಿಸಲು, ಎಳೆಯಲು ನನಗೂ ಎರಡು ಕೈ ಬೇಕಿತ್ತು. ತಂತಿ ಬಿಚ್ಚಿ ಊರುಗಾಲನ್ನು ಇಳಿಸಿದೆ. ಇಳಿಜಾರಿನ ಆ ಜಾರುಮಣ್ಣಿನಲ್ಲಿ ಅದು ಅಲುಗದೆ ನಿಂತಿತು. ಅವಳನ್ನು ಬೀಳಿಸಿದ್ದೂ ಅದೇ, ಈಗ ನನ್ನ ಕೈ ಬಿಡಿಸಿಕೊಟ್ಟದ್ದೂ ಅದೇ. ನನಗೆ ಅಳು ಬಂತು.

"ಮೊದಲು ಡಬ್ಬಿ ಎಳಕೋ," ಎಂದು ಸೀತ್ಲಿ ಕೂಗಿದಳು.

ಡಬ್ಬಿ ಮೇಲೆ ಬಂತು. ಹಗ್ಗದ ತುದಿಯನ್ನು ಬಂಡೆಯಲ್ಲಿ ಹುಗಿದಿದ್ದ ಹಳೆಯ ಕಬ್ಬಿಣದ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಅವಳ ಸೊಂಟಕ್ಕೆ ಕಟ್ಟಿಕೊಳ್ಳಲು ಇಳಿಬಿಟ್ಟೆ. ಅವಳನ್ನು ಒಬ್ಬಳೇ ಎತ್ತಲು ನನ್ನಿಂದಾಗದು. ಬಿಟ್ಟು ಹೋಗಬೇಕು. ಹೋಗಲು ಕಾಲು ಬರಲಿಲ್ಲ. ಅಂಚಿಗೆ ಬಗ್ಗಿ ಹೇಳಿದೆ: "ಸೀತ್ಲಿ, ಸ್ಪ್ರಿಂಗ್ ಸಡಿಲ ಐತಿ ಅಂತ ನನಗ ನಾಕು ದಿನದಿಂದ ಗೊತ್ತಿತ್ತು."

ಅವಳು ತಲೆಯೆತ್ತಿ ನೋಡಿದಳು. ಆ ನೋಟವನ್ನು ಇಲ್ಲಿ ಬರೆಯಲು ನನಗಾಗುತ್ತಿಲ್ಲ.

"ಈಗ ಹೇಳ್ತೀಯೇನು?" ಎಂದಳು. "ಹೋಗು. ಆಕಿ ಕಾಯಾಕತ್ಯಾಳ. ಆಮ್ಯಾಲೆ ಬಂದು ಹೇಳು."

ಎರಡನೆಯ ಸಲ ತಿರುಚಿದಾಗ ತಂತಿ ತುಂಡಾಯಿತು. ತಲೆಗೆ ಸುತ್ತಿದ್ದ ಟವೆಲ್ಲಿನಿಂದಲೇ ಊರುಗಾಲನ್ನು ಕಟ್ಟಿದೆ. ಎಂಟನೆಯ ಮೆಟ್ಟಿಲಿಗೆ ಗಂಟು ಸಡಿಲಾಯಿತು, ಪಾದ ಕಲ್ಲಿಗೆ ಟಕ್ ಟಕ್ ಎಂದು ತಾಗತೊಡಗಿತು. ಇಳಿದು ಕಟ್ಟುವುದು, ಹತ್ತುವುದು, ಮತ್ತೆ ಸದ್ದು. ಹನ್ನೊಂದನೆಯ ಮೆಟ್ಟಿಲ ಇಕ್ಕಟ್ಟಿನಲ್ಲಿ ಧೈರ್ಯ ಸಾಲದೆ ಇಳಿದು, ಗಾಡಿಯನ್ನು ಪಕ್ಕದಲ್ಲಿ ಉರುಳಿಸಿಕೊಂಡೇ ನಡೆದೆ. ಅಲ್ಲಿ ಹತ್ತು ನಿಮಿಷ ಹೋಯಿತು. ಆ ಹತ್ತು ನಿಮಿಷ ಗಾದಿಲಿಂಗಮ್ಮನದು ಎಂದು ಗೊತ್ತಿತ್ತು.

ನಾನು ತಲುಪಿದಾಗ ಅವಳ ವಸಡಿನಿಂದ ರಕ್ತ ಒಸರುತ್ತಿತ್ತು. ನರ್ಸ್ ಡಬ್ಬಿ ಕಿತ್ತುಕೊಂಡಳು. ಕಚ್ಚಿ ಎರಡು ಗಂಟೆಯಾಗಲು ಐದು ನಿಮಿಷವಷ್ಟೇ ಬಾಕಿಯಿತ್ತು. ಗಾದಿಲಿಂಗಮ್ಮ ಬದುಕಿದಳು, ಎಡಗಾಲಿನ ಎರಡು ಬೆರಳು ಹೋದವು. ನಾನು ಅಲ್ಲಿ ನಿಲ್ಲಲಿಲ್ಲ. ಹಟ್ಟಿಯ ಐವರು ಹೊರಸು ಹೊತ್ತುಕೊಂಡು ನನ್ನ ಜೊತೆ ಇಳಿದರು. ಅರ್ಧ ದಾರಿಗೆ ಮಳೆ ಹಿಡಿಯಿತು. ಆರನೆಯ ಮೆಟ್ಟಿಲಿಗೆ ಬಂದಾಗ ಚಾಚುಕಲ್ಲಿನ ಮೇಲೆ ನೀರು ಹರಿಯುತ್ತಿತ್ತು. ಕರೆದೆ. ಓಗೊಡಲಿಲ್ಲ. ಇನ್ನೊಮ್ಮೆ ಕರೆದೆ. ಆಗ ಗೂಟಕ್ಕೆ ಕಟ್ಟಿದ ಹಗ್ಗ ಎರಡು ಸಲ ಜಗ್ಗಿತು. ಮಾತಾಡಲು ತ್ರಾಣವಿಲ್ಲದೆ ಅವಳು ಹಗ್ಗವನ್ನೇ ಎಳೆದಿದ್ದಳು.

ಆಸ್ಪತ್ರೆಯ ಮಂಚದ ಮೇಲೆ ಮೂರನೆಯ ದಿನ ಅವಳು, "ಈಗ ಹೇಳು," ಎಂದಳು. ಆರೂ ಗಾಲಿಯವರು ಸುತ್ತ ನಿಂತಿದ್ದರು. ಎಲ್ಲ ಹೇಳಿದೆ, ಒಂದು ಇಂಚಿನ ಮಾತನ್ನೂ, ರಬ್ಬರ್ ಪಟ್ಟಿ ಹಂಚುವಾಗ ಹೇಳಿದ ಸುಳ್ಳನ್ನೂ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಹೊರಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಲ್ಕು ತಿಂಗಳು ಸೀತ್ಲಿ ನನ್ನೊಡನೆ ಮಾತಾಡಲಿಲ್ಲ. ಕಾಲು ಕೂಡಿತು, ಆದರೆ ಎರಡು ಬೆರಳಗಲ ಗಿಡ್ಡವಾಗಿ. ಇನ್ನು ಅವಳು ಗಾಡಿ ಹತ್ತುವಂತಿಲ್ಲ.

ಅಷ್ಟರಲ್ಲಿ ನಾನು ಊರುಗಾಲನ್ನು ಬಿಚ್ಚಿ ಮತ್ತೆ ಮಾಡಿದೆ, ಅದಕ್ಕೇ ಮೂರು ತಿಂಗಳ ಮೇಲಾಯಿತು. ಈಗ ಅದಕ್ಕೆ ಎರಡು ಬಿಗಿ ಸ್ಪ್ರಿಂಗ್, ಮಡಚಿದಾಗ ಕಚ್ಚಿ ಹಿಡಿಯುವ ಒಂದು ಕೊಕ್ಕೆ. ಪಾದ ತಗಡಿನದಲ್ಲ, ದಪ್ಪ ರಬ್ಬರಿನದು. ಕಲ್ಲಿಗೆ ಸಿಕ್ಕರೆ ಬಾಗುತ್ತದೆ, ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಮೊದಲ ಇಪ್ಪತ್ತು ದಿನ ನಾನೇ ಅದನ್ನು ಹತ್ತಿಸಿ ಇಳಿಸಿದೆ. ಇಪ್ಪತ್ತೊಂದನೆಯ ದಿನ ಕೋಲೂರಿಕೊಂಡು ಸೀತ್ಲಿ ಅಂಗಡಿಗೆ ಬಂದಳು, ಕೇಳದೆಯೇ ಸ್ಟೂಲಿನ ಮೇಲೆ ಕುಳಿತಳು. "ಇವತ್ತು ಯಾವ ಗಾಡಿದು ಸಡಿಲ ಐತಿ, ತೋರ್ಸು," ಎಂದಳು. ಅಂದಿನಿಂದ ಅವಳು ಕುಲುಕಿ ನೋಡದೆ ಒಂದು ಗಾಡಿಯೂ ಇಲ್ಲಿಂದ ಹೊರಡುವುದಿಲ್ಲ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳಿಲ್ಲ. ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ರೊಟ್ಟಿ ತಿನ್ನುತ್ತೇವೆ.

ಆ ಹಾಳೆ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಬಹುಶಃ ಅವರು ರಜೆಯ ದಿನ ಕೆರೆಯ ಏರಿಯ ಮೇಲೆ ಓಡಿಸಿ, ಟೀ ಕುಡಿಯಲು ಗಾಡಿ ನಿಲ್ಲಿಸಿ, ಅದು ನಿಂತದ್ದು ನೋಡಿ ಸಂತೋಷಪಟ್ಟು ಬರೆದರು. ಅಥವಾ ಅವರ ಊರುಗಾಲೂ ಒಂದು ದಿನ ಇಳಿದಿರಬಹುದು, ನನ್ನ ಹಾಗೆಯೇ ಹೇಳಲು ನಾಚಿರಬಹುದು. ಹಿರಿಯರೇ, ನಿಮ್ಮ ಶೆಡ್ಡುಗಳಲ್ಲಿ ಕುಳಿತು ನೀವು ಏನನ್ನಾದರೂ ತಿದ್ದಿ, ಕೊರೆದು, ಬೆಸೆದು ಹೊಸದು ಮಾಡಿದಾಗ ಅದನ್ನು ಖಂಡಿತ ಬರೆದಿಡಿ, ನಮಗೆ ಬೇಕು. ಆದರೆ ಅದು ಬಿದ್ದ ದಿನ ಮತ್ತೆ ಪೆನ್ನು ಹಿಡಿಯಿರಿ. ಎಲ್ಲಿ ಬಿತ್ತು, ಯಾಕೆ ಬಿತ್ತು, ಯಾರಿಗೆ ಪೆಟ್ಟಾಯಿತು ಎಂದು ನಾಚದೆ ಬರೆಯಿರಿ. ಅದನ್ನು ಓದುವವರು ಯಾವ ಅಂಚಿನಲ್ಲಿ ಇರುತ್ತಾರೋ ನಿಮಗೆ ತಿಳಿಯದು.

ನಿಮ್ಮ ಗಾಡಿಗಳು ಕ್ಷೇಮವಾಗಿ ಓಡಲಿ, ಇಳಿದ ಕಡೆ ನಿಲ್ಲಲಿ.

ನಿಮ್ಮ ನಂತರದವಳು,
ಹಂಪಮ್ಮ