ನೀರು ಬಿಟ್ಟವನು

ಫೆಬ್ರವರಿ 18, ಬೂದಿ ಬುಧವಾರ
ಚರ್ಚಿನಲ್ಲಿ ಹಣೆಗೆ ಹಚ್ಚಿದ ಬೂದಿ ಒರೆಸಿಕೊಳ್ಳದೆ ಕಾರ್ಖಾನೆಗೆ ಹೋದೆ. ಯಾರೂ ಕೇಳಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಡೆ ಎಲ್ಲರ ಮುಖಕ್ಕೂ ಏನಾದರೊಂದು ಮೆತ್ತಿಕೊಂಡೇ ಇರುತ್ತದೆ. ನನ್ನ ಕೆಲಸ ಹಿಂದುಗಡೆ — ಬಣ್ಣದ ಗಲೀಜು ನೀರನ್ನು ಟ್ಯಾಂಕಿನಲ್ಲಿ ತಿಳಿ ಮಾಡಿ ಹಳ್ಳಕ್ಕೆ ಬಿಡುವುದು.
ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಚರ್ಚಿನಲ್ಲಿ ಈ ಸಲ ಹಸಿರು, ಪರಿಸರದ ಹೆಸರಲ್ಲಿ. ನಲವತ್ತು ಚೌಕದ ಕಾರ್ಡು ಫ್ರಿಜ್ಜಿಗೆ ಅಂಟಿಸಿಯಾಯಿತು. ದಿನಕ್ಕೊಂದು ಬಿಡಬೇಕು, ಟಿಕ್ ಹಾಕಬೇಕು. ಮಾಂಸ, ಪ್ಲಾಸ್ಟಿಕ್, ಸ್ಕೂಟರು... ಮಗಳೇ ಇನ್‌ಸ್ಪೆಕ್ಟರು. ಒಂಬತ್ತು ವರ್ಷ, ಒಂಬತ್ತು ಜನರ ಬಾಯಿ.

ಫೆಬ್ರವರಿ 21
ಅರ್ಧ ಬಕೆಟ್ ಸ್ನಾನ. ನೊರೆ ಕಿವಿಯಲ್ಲೇ ಉಳಿಯಿತು. ಮಿಕ್ಕಿದ್ದು ಕುಂಡಗಳಿಗೆ. ಹೆಂಡತಿ: "ನಿಮಗಿಂತ ಗಿಡಕ್ಕೇ ಚೆನ್ನಾಗಿ ಸ್ನಾನ ಆಯ್ತು." ಟಿಕ್.

ಫೆಬ್ರವರಿ 27, ಶುಕ್ರವಾರ
ಟ್ಯಾಂಕಿಗೆ ಗಾಳಿ ಊದುವ ಮೋಟಾರು ಸುಟ್ಟು ಮೂರು ದಿನ. ಗಾಳಿಯಿಲ್ಲದೆ ನೀರು ತಿಳಿಯಾಗುವುದಿಲ್ಲ. ಟ್ಯಾಂಕು ಕಂಠಪೂರ್ತಿ. ಮಧ್ಯಾಹ್ನ ಮ್ಯಾನೇಜರ್ ಬಂದರು.
"ಬಿಟ್ಬಿಡು."
"ಸರ್, ಇನ್ನೂ ಕಡು ನೀಲಿ ಇದೆ."
"ಹರಿಯೋ ನೀರು ಕಣಯ್ಯಾ, ಯಾರಿಗ್ ಗೊತ್ತಾಗುತ್ತೆ? ಒಂದೇ ಒಂದ್ ಸಲ."
ಬಿಟ್ಟೆ. ವಾಲ್ವಿನ ಚಕ್ರ ಏಳು ಸುತ್ತು. ಇಪ್ಪತ್ತು ನಿಮಿಷ.
ಕಾರ್ಡಿನ ಇವತ್ತಿನ ಚೌಕ: ಸ್ಟ್ರಾ ಬೇಡ. ಟಿಕ್ ಹಾಕಿದೆ.

ಮಾರ್ಚ್ 14
ಹದಿನೈದು ದಿನ ಏನೂ ಬರೆಯಲಿಲ್ಲ. ಇವತ್ತು ಪಾಪನಿವೇದನೆಗೆ ಹೋದೆ. ಮಂಡಿಯೂರಿದೆ.
"ಫಾದರ್... ನೀರು ಬಿಟ್ಟೆ."
ಜಾಲರಿಯಾಚೆಯಿಂದ ಫಾದರ್: "ಅಯ್ಯೋ, ನೀರು ಬಿಡಬಾರದಪ್ಪಾ! ಉಪವಾಸ ಒಳ್ಳೇದೇ. ಆದ್ರೆ ಈ ಬಿಸಿಲಲ್ಲಿ ನೀರು ಕುಡೀಲೇಬೇಕು. ದಿನಾ ಎರಡು ಲೀಟರ್. ಅದೇ ನಿಮಗೆ ಪ್ರಾಯಶ್ಚಿತ್ತ."
ಅದಲ್ಲ ಫಾದರ್ ಎನ್ನಬೇಕಿತ್ತು. ಹಿಂದೆ ಜನ ಕಾಯುತ್ತಿದ್ದರು... ಎದ್ದುಬಂದೆ. ಹೇಡಿ. ಮನೆಗೆ ಬಂದು ಎರಡು ಲೀಟರ್ ಕುಡಿದೆ. ಹೊಟ್ಟೆ ತುಂಬಿತು, ಎದೆ ಹಗುರಾಗಲಿಲ್ಲ.

ಮಾರ್ಚ್ 29, ಗರಿಗಳ ಭಾನುವಾರ
ಫಾದರ್ ಹೇಳಿದರು: ಶುಭ ಶುಕ್ರವಾರದ ಶಿಲುಬೆ ಹಾದಿಯ ಮೆರವಣಿಗೆ ಈ ವರ್ಷ ಚರ್ಚಿನೊಳಗಲ್ಲ, ಹಳ್ಳದ ದಂಡೆಯಲ್ಲಿ. ಕೊನೆಗೆ ಮಕ್ಕಳು ಬರಿಗಾಲಲ್ಲಿ ನೀರಿಗಿಳಿಯುತ್ತಾರೆ. "ಸೃಷ್ಟಿಯ ಕ್ಷಮೆ ಕೇಳೋ ಪ್ರಾರ್ಥನೆ ನಮ್ಮ ನೀರಣ್ಣ ಓದಲಿ. ನೀರಿನ ಕೆಲಸದವರಲ್ವಾ!"
ಎಲ್ಲರೂ ತಿರುಗಿ ನೋಡಿ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಮಗಳು ಹೆಮ್ಮೆಯಿಂದ ಕೈ ಹಿಡಿದುಕೊಂಡಳು. "ಅಪ್ಪಾ, ಯಾಕಿಷ್ಟು ಬೆವರು?"

ಮಾರ್ಚ್ 31
ಹಳ್ಳ ನೋಡಿ ಬಂದೆ. ತಳದ ಕಲ್ಲುಗಳಿಗೆ ಇನ್ನೂ ನೀಲಿ ಅಂಟಿದೆ. ಕಪ್ಪೆಗಳ ಸದ್ದೇ ಇಲ್ಲ.

ಏಪ್ರಿಲ್ 2, ಗುರುವಾರ, ಸಂಜೆ 5
ರಿಪೇರಿಯಾದ ಮೋಟಾರು ಮತ್ತೆ ಕೈಕೊಟ್ಟಿತು. ಟ್ಯಾಂಕು ಮತ್ತೆ ಭರ್ತಿ. ಮ್ಯಾನೇಜರ್: "ನಾಳೆ ರಜೆ. ಬೆಳಿಗ್ಗೆ ಬಂದು ಬಿಟ್ಟುಹೋಗು. ಯಾರೂ ಇರಲ್ಲ."
"ಹಳ್ಳದಲ್ಲಿ ಮಕ್ಕಳಿರ್ತಾರೆ ಸರ್. ನನ್ ಮಗಳೂ."
"ಅವರು ಬರೋಕ್ ಮುಂಚೆ ಬಿಡು."
"ಬಿಡಲ್ಲ ಸರ್."
"ಹಾಗಾದ್ರೆ ಕೆಲಸ ಬಿಡು. ನೀರು ಬಿಡೋಕೆ ಇನ್ನೊಬ್ಬ ಸಿಗ್ತಾನೆ."
ಅವರು ಹೋದ ಮೇಲೆ ವಾಲ್ವಿನ ಚಕ್ರವನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಚಕ್ರವಿಲ್ಲದೆ ಯಾರೂ ನೀರು ಬಿಡಲಾರರು; ನಾಳೆ ಯಂತ್ರಗಳಿಗೂ ರಜೆ, ಟ್ಯಾಂಕು ಉಕ್ಕುವುದಿಲ್ಲ. ಇದು ಕಳ್ಳತನವೇ? ಇರಬಹುದು.

ಏಪ್ರಿಲ್ 3, ಶುಭ ಶುಕ್ರವಾರ, ಬೆಳಿಗ್ಗೆ 6:40
ಚಕ್ರ ಮಂಚದ ಕೆಳಗಿದೆ. ಹೆಂಡತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಆವತ್ತು ಬಿಟ್ಟಿದ್ದನ್ನ ಯಾವಾಗ ಹೇಳ್ತೀರಿ?" ಅಂದಳು, ಅಷ್ಟೇ.
ಫಾದರ್ ಕೊಟ್ಟ ಹಾಳೆಯಲ್ಲಿ 'ನಾವೆಲ್ಲರೂ ನೀರನ್ನು ಕೆಡಿಸಿದ್ದೇವೆ' ಎಂದಿದೆ. 'ನಾವೆಲ್ಲರೂ' ಹೊಡೆದುಹಾಕಿದೆ. 'ನಾನು' ಎಂದು ಬರೆದೆ. ಪಕ್ಕದಲ್ಲಿ ನೀರು ಬಿಟ್ಟ ದಿನದ ತಾರೀಖು. ಭಯವಾಗುತ್ತಿದೆ.
ಮಗಳು ಬಾಗಿಲಲ್ಲಿ. ಚಪ್ಪಲಿ ಆಗಲೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಕಾರ್ಡು, ಪೆನ್ಸಿಲು.
"ಅಪ್ಪಾ, ಇವತ್ತು ಏನ್ ಬಿಡ್ತೀಯಾ? ಬೇಗ ಹೇಳು, ಹೊತ್ತಾಯ್ತು."
ಇವಳನ್ನು ಆ ನೀರಿಗೆ ಇಳಿಸಬಾರದು. ಎಲ್ಲರಿಗಿಂತ ಮೊದಲು ಇವಳಿಗೇ ಹೇಳಬೇಕು, ಫೆಬ್ರವರಿ ಇಪ್ಪತ್ತೇಳಕ್ಕೆ ನಾನು—