ಮಾಲೀಕ ಅಂತ ಬರೀರಿ

ನಂಜನಗೂಡು
18-11-2001, ಭಾನುವಾರ

ಕೂಸು ಸಂಘಮಿತ್ರಾಳಿಗೆ ನಿನ್ನ ಅಪ್ಪನ ಜೈ ಭೀಮ್.

ನಿನ್ನ ಕಾಗದ ಶುಕ್ರವಾರ ಕೈ ಸೇರಿತು. ಸಿಂಧನೂರಿನ ಬಿಸಿಲು, ನಿನ್ನ ಶಾಲೆಯ ಮಕ್ಕಳು, ನೀನು ಜೋಳದ ರೊಟ್ಟಿ ತಟ್ಟಲು ಕಲಿತದ್ದು, ಎಲ್ಲವನ್ನೂ ನಿಮ್ಮವ್ವನಿಗೆ ಎರಡು ಸಲ ಓದಿ ಹೇಳಿದೆ. ಕೊನೆಯ ಸಾಲು ಮಾತ್ರ ಓದಲಿಲ್ಲ. "ಹೋದದ್ದು ಹೋಯಿತು ಬಿಡಪ್ಪ, ಹಳೇ ಗಾಡಿ, ಅದಕ್ಯಾಕೆ ಇಷ್ಟು ಅಲೆದಾಟ" ಅಂತ ಬರೆದಿದ್ದೀಯಲ್ಲ, ಆ ಸಾಲು. ಕೋಪ ಇಲ್ಲ ಮಗಳೇ. ಆದರೆ ಉತ್ತರ ಕೊಡದೆ ಬಿಡೋನೂ ಅಲ್ಲ ನಾನು.

ಆ ಅಂಬಾಸಿಡರ್ ನಮ್ಮ ಇಲಾಖೆಗೆ ಬಂದಾಗ ನೀನು ಮೂರನೇ ಕ್ಲಾಸು. ಹದಿನೈದು ವರ್ಷ ಅದರ ಸ್ಟೀರಿಂಗ್ ಹಿಡಿದೆ. ಏಳು ಜನ ಸಾಹೇಬರಿಗೆ ಹಿಂದಿನ ಬಾಗಿಲು ತೆಗೆದು ನಿಂತೆ. ಅವರೆಲ್ಲ ವರ್ಗವಾಗಿ ಹೋದರು, ನಾನೂ ಗಾಡಿಯೂ ಉಳಿದೆವು. ನಾನು ರಿಟೈರ್ ಆದ ವರ್ಷವೇ ಅದನ್ನೂ ಓಡಿಸೋಕೆ ಲಾಯಕ್ಕಿಲ್ಲ ಅಂತ ಕಂಡಮ್ ಮಾಡಿ ಹರಾಜಿಗಿಟ್ಟರು. ನಾನು ಕೂಗಿದೆ, ನನಗೇ ಆಯಿತು. ಮೆಕ್ಯಾನಿಕ್ ಮಾದು ಎರಡು ತಿಂಗಳು ಅದರ ಕೆಳಗೇ ಮಲಗಿ ಎಂಜಿನ್ನಿಗೆ ಜೀವ ಕೊಟ್ಟ. ಆರ್.ಸಿ. ಪುಸ್ತಕದಲ್ಲಿ "ಪುಟ್ಟಬಸವಯ್ಯ ಬಿನ್ ಮರಿಮಾದಯ್ಯ" ಅಂತ ಬಂದ ದಿನ ಅದನ್ನು ನಿಮ್ಮಜ್ಜನ ಫೋಟೋದ ಮುಂದೆ ಇಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಅದು ನಿನಗೆ ಗೊತ್ತಿಲ್ಲ.

ಈಗ ಆದದ್ದು ಕೇಳು. ಅಕ್ಟೋಬರ್ ಎಂಟನೇ ತಾರೀಕು ನಾನು, ನಿಮ್ಮವ್ವ ತಿರುಮಕೂಡಲು ನರಸೀಪುರಕ್ಕೆ ಹೋದೆವು. ಕಾಲು ಮುರಿದುಕೊಂಡಿದ್ದ ನಿನ್ನ ದೊಡ್ಡವ್ವ ಮರಿತಾಯಮ್ಮನನ್ನು ನೋಡೋಕೆ. ಅವರ ಬೀದಿ ಇಕ್ಕಟ್ಟು. ಗಾಡಿಯನ್ನು ರಸ್ತೆಬದಿಯ ಹುಣಸೇಮರದ ಕೆಳಗೆ ನಿಲ್ಲಿಸಿದ್ದಾಯಿತು. ಕಾಪಿ ಕುಡಿದು ಬರುವಷ್ಟರಲ್ಲಿ ಮರದ ನೆರಳಿತ್ತು, ನೆಲದ ಮೇಲೆ ಎರಡು ತೊಟ್ಟು ಆಯಿಲ್ ಇತ್ತು, ಗಾಡಿ ಇರಲಿಲ್ಲ. ಕೀ ಗಾಡಿಯಲ್ಲೇ ಉಳಿದಿತ್ತು. ನಿಮ್ಮವ್ವ ಅಲ್ಲೇ ಕುಸಿದು ಕೂತಳು.

ಅವಳನ್ನೂ ಕರೆದುಕೊಂಡು ಠಾಣೆಗೆ ಹೋದೆ. ಅಲ್ಲಿಯವರ ಹೆಸರು ಬರೆಯೋದಿಲ್ಲ, ಇನ್ನೂ ಅದೇ ಜನರ ಹತ್ತಿರ ಓಡಾಡಬೇಕು. ನನ್ನ ಹಳೇ ಖಾಕಿ ಪ್ಯಾಂಟು ನೋಡಿ ಹೆಡ್ ಕಾನ್‌ಸ್ಟೇಬಲ್, "ಡ್ರೈವರ್ರಾ? ನಿಮ್ ಸಾಹೇಬ್ರುನ್ನ ಕಳ್ಸಯ್ಯ, ಕಂಪ್ಲೇಂಟು ಅವರೇ ಕೊಡ್ಬೇಕು" ಅಂದ. "ನಂದೇ ಸಾ ಗಾಡಿ" ಅಂದೆ. ಅವನು ನಕ್ಕ. ನಕ್ಕು, ಪುಣ್ಯಾತ್ಮ, ಬರೆದ. ಸಹಿ ಹಾಕು ಅಂತ ಕೊಟ್ಟ. ಓದಿದರೆ "ಚಾಲಕ ಪುಟ್ಟಬಸವಯ್ಯ ಎಂಬುವನು" ಅಂತಿತ್ತು. ಪೆನ್ನು ಕೆಳಗಿಟ್ಟೆ.

"ಮಾಲೀಕ ಅಂತ ಬರೀರಿ ಸಾ."

"ಎರಡಕ್ಕೂ ಏನಯ್ಯಾ ವ್ಯತ್ಯಾಸ? ನಿಂಗೆ ಗಾಡಿ ಸಿಕ್ಕೋದು ಮುಖ್ಯವೋ, ಪದ ಮುಖ್ಯವೋ?"

"ಎಲ್ಡೂ ಮುಖ್ಯ ಸಾ."

ಹಂಗಾದ್ರೆ ಕೂತ್ಕೋ ಅಂದ. ಕೂತೆ. ಬೆಂಚಿನ ಮೇಲೆ ಕೂತೆ, ನೆಲದ ಮೇಲಲ್ಲ. ನಿಮ್ಮವ್ವ ಕಣ್ಣೊರೆಸಿಕೊಂಡು ಎದ್ದಳು. ಒಬ್ಬಳೇ ಬಸ್ಸು ಹತ್ತಿ ನಂಜನಗೂಡಿಗೆ ಬಂದು, ಟ್ರಂಕಿನಲ್ಲಿದ್ದ ಆರ್.ಸಿ. ಪುಸ್ತಕ ತೆಗೆದುಕೊಂಡು ಮತ್ತೆ ನರಸೀಪುರಕ್ಕೆ ಬಂದಳು. ಅಷ್ಟರಲ್ಲಿ ನಾಲ್ಕು ಗಂಟೆ. ಸಬ್ ಇನ್‌ಸ್ಪೆಕ್ಟರ್ ಪುಸ್ತಕ ತಿರುಗಿಸಿ ನೋಡಿ, "ಇವ್ರು ಹೇಳ್ದಂಗೇ ಬರೀರಿ" ಅಂದರು. ಹೆಡ್ಡು "ಚಾಲಕ"ದ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಮಾಲೀಕ ಅಂತ ತುರುಕಿದ. ನಾನು, "ಗೀಟು ಬ್ಯಾಡ ಸಾ, ಬೇರೆ ಹಾಳೇಲಿ ಬರೀರಿ" ಅಂದೆ. ಹಲ್ಲು ಕಡಿದುಕೊಂಡು ಬರೆದ. ಆಮೇಲೆ ಸಹಿ ಹಾಕಿದೆ, ಪೂರ್ತಿ ಹೆಸರು, ಒಂದಕ್ಷರವನ್ನೂ ನುಂಗದೆ.

ಮಾರನೇ ದಿನ ಊರೆಲ್ಲ ಸುದ್ದಿ. ಬಸ್ ಸ್ಟ್ಯಾಂಡಿನ ಹತ್ತಿರ ಸಿಮೆಂಟ್ ಅಂಗಡಿ ಇಟ್ಟಿರುವ ಚಿಕ್ಕಬಸಪ್ಪ ನಾಲ್ಕು ಜನರ ಮುಂದೆ, "ಸರ್ಕಾರದ ಗಾಡಿ, ಬಂದಂಗೇ ಓಯ್ತು ಬುಡು ಬಸವಯ್ಯ. ನಿಂಗ್ಯಾಕ್ಲಾ ಬೇಕಿತ್ತು ಕಾರು?" ಅಂದ. ನನಗಿಂತ ಹತ್ತು ವರ್ಷ ಚಿಕ್ಕವನು. "ನಿಮ್ಗ್ಯಾಕೆ ಬೇಕಾಯ್ತೋ ನಂಗೂ ಅದಕ್ಕೇ ಬೇಕಿತ್ತು" ಅಂದೆ. ಸುತ್ತ ಇದ್ದವರು ಯಾರೂ ನಗಲಿಲ್ಲ.

ಆಮೇಲೆ ಅಲೆದದ್ದು ನಿಜ. ಮಳವಳ್ಳಿ, ಕೊಳ್ಳೇಗಾಲ, ಮೈಸೂರಿನ ಗುಜರಿ ಅಂಗಡಿಗಳು. ಬಸ್ಸಿನಲ್ಲಿ ಹೋಗೋದು, ಗ್ಯಾರೇಜಿನ ಮುಂದೆ ನಿಂತು ಎಂಜಿನ್ ಶಬ್ದ ಕೇಳೋದು. ಎಷ್ಟು ಜನ ಸೂತಕದ ಮುಖ ಮಾಡಿಕೊಂಡು ಸಮಾಧಾನ ಹೇಳಲು ಬಂದರು ಅಂದರೆ, ಬಾಗಿಲಲ್ಲೇ "ಗಾಡಿ ಸತ್ತಿಲ್ಲ, ಕಳುವಾಗಿದೆ" ಅಂತ ಹೇಳಿ ಕಳಿಸಿದೆ.

ಸಿಕ್ಕಿತು ಮಗಳೇ. ಇಪ್ಪತ್ತು ದಿನಕ್ಕೆ. ಕೈಗೆ ಬರುವ ತನಕ ನಿನಗೆ ಹೇಳಬಾರದು ಅಂತ ಸುಮ್ಮನಿದ್ದೆ. ಹೊಳೆಯಾಚೆ ಒಂದು ಪಾಳು ಇಟ್ಟಿಗೆ ಗೂಡಿನ ಹಿಂದೆ ಬಿಟ್ಟುಹೋಗಿದ್ದರು. ಟಯರಿಲ್ಲ, ಬ್ಯಾಟರಿಯಿಲ್ಲ, ಸೀಟುಗಳಿಲ್ಲ, ನಂಬರ್ ಪ್ಲೇಟಿಲ್ಲ. ಅಲ್ಲಿ ಮೇಕೆ ಮೇಯಿಸುವ ವೆಂಕಟಮ್ಮ ಅನ್ನೋ ಹೆಂಗಸು ಮಳೆ ಬಂದಾಗ ಮರಿಗಳನ್ನು ಅದರೊಳಗೆ ಬಿಟ್ಟುಕೊಳ್ಳುತ್ತಿದ್ದಳಂತೆ. ಪೊಲೀಸರಿಗೆ ಹೇಳಿದವಳೂ ಅವಳೇ. ಕದ್ದವರು ಇನ್ನೂ ಸಿಕ್ಕಿಲ್ಲ.

"ಬಿಳೀ ಅಂಬಾಸಿಡರ್ ಸಾವಿರ ಇವೆ, ನಿನ್ನದೇ ಅಂತ ಹೆಂಗೆ ಹೇಳ್ತೀಯ" ಅಂತ ಅದೇ ಹೆಡ್ಡು ಕೇಳಿದ. ನಾನು ಬಾನೆಟ್ಟಿಗೆ ಬೆನ್ನು ಹಾಕಿ ನಿಂತು, ಎಂಜಿನ್ ನಂಬರು ಬಾಯಲ್ಲೇ ಹೇಳಿದೆ. ಚಾಸಿ ನಂಬರು ಹೇಳಿದೆ. ಎಡಗಡೆ ಹಿಂದಿನ ಬಾಗಿಲಿನ ಕೆಳಗೆ ಮಾದು ವೆಲ್ಡಿಂಗ್ ಮಾಡಿದ ಜಾಗ ಹೇಳಿದೆ. ಅವನು ಬಗ್ಗಿ ಬಗ್ಗಿ ನೋಡಿ ಎದ್ದವನು, "ಸರಿಯಾಗದೆ ಬಸವಯ್ಯೋರೆ" ಅಂದ. "ಏನಯ್ಯಾ" ಹೋಗಿ "ಅವರೇ" ಬಂತು, ನೋಡು.

ಬಿಡಿಸಿಕೊಳ್ಳೋಕೆ ಕೋರ್ಟಿಗೆ ಹೋಗಬೇಕಾಯಿತು. ಜವಾನ ನನ್ನ ಹೆಸರನ್ನು, ನಮ್ಮಪ್ಪನ ಹೆಸರನ್ನು ಸೇರಿಸಿ ಮೂರು ಸಲ ಕೂಗಿದ. ಜಡ್ಜ್ ಸಾಹೇಬರು, "ಈ ವಾಹನಕ್ಕೆ ನೀವು ಏನಾಗಬೇಕು?" ಅಂದರು. "ಮಾಲೀಕ, ಸ್ವಾಮಿ" ಅಂದೆ. ಅವರು ತಲೆ ಎತ್ತಿ ನೋಡಲೂ ಇಲ್ಲ, ಬರೆದುಕೊಂಡರು. ನನಗೆ ಹಿಡಿಸಿದ್ದು ಅದೇ ಮಗಳೇ. ಅವರಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.

ಮಂಗಳವಾರ ಮಾದು ಎಲ್ಲಿಂದಲೋ ನಾಲ್ಕು ಹಳೇ ಟಯರು ತಂದು ಹಾಕಿದ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆವು. ಮಾದು ಒಳಬೀದಿಯಲ್ಲಿ ಹೋಗೋಣ ಅಂದ. ನಾನು ಒಪ್ಪಲಿಲ್ಲ. ಹಗಲು ಹನ್ನೆರಡು ಗಂಟೆಗೆ, ಬಸ್ ಸ್ಟ್ಯಾಂಡಿನ ಮುಂದೇ, ಮರದ ಪೆಟ್ಟಿಗೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದು ಬಂದೆ. ಚಿಕ್ಕಬಸಪ್ಪ ಅಂಗಡಿಯಿಂದ ಇಳಿದು ಬಂದು, "ಗುಜರಿಗಾಕ್ಬುಡು, ನಾನೇ ಗಿರಾಕಿ ಉಡುಕ್ಕೊಡ್ತೀನಿ" ಅಂದ. "ಮಾರೋ ದಿನ ಬಂದ್ರೆ ಮೊದ್ಲು ನಿಮ್ಗೇ ಹೇಳ್ತೀನಿ. ಆ ದಿನ ಬರಲ್ಲ" ಅಂದು ಹಾರನ್ ಒತ್ತಿದೆ. ಬ್ಯಾಟರಿ ಎಲ್ಲಿತ್ತು! ಶಬ್ದ ಬರಲಿಲ್ಲ. ಮಾದು ಟ್ರ್ಯಾಕ್ಟರಿನಿಂದ ಬಾಯಲ್ಲೇ ಪಾಂ ಅಂತ ಕೂಗಿದ. ಬೀದಿಯವರೆಲ್ಲ ನಕ್ಕರು, ನಾನೂ ನಕ್ಕೆ.

ಆದ್ದರಿಂದ ಕೂಸೇ, ಹಳೇ ಗಾಡಿ ಅಂತ ಇನ್ನೊಮ್ಮೆ ಬರೀಬೇಡ. ರಜಕ್ಕೆ ಬಂದಾಗ ಮೈಸೂರು ಸ್ಟೇಷನ್ನಿಗೆ ಅದೇ ಬರುತ್ತೆ. ಸೀಟು ಆಗದಿದ್ದರೆ ಚಾಪೆ ಹಾಸಿಕೊಂಡು ಬರ್ತೀವಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಪುಟ್ಟಬಸವಯ್ಯ

ಮರೆತಿದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ದಿನ ನರಸೀಪುರಕ್ಕೆ ಗಾಡಿ ಓಡಿಸಿಕೊಂಡು ಹೋದದ್ದು ನಾನಲ್ಲ, ನಿಮ್ಮವ್ವ. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಬಯಲಿನಲ್ಲಿ ಕಲಿಸುತ್ತಿದ್ದೆ. ಊರು ದಾಟಿ ಅಷ್ಟು ದೂರ ಓಡಿಸಿದ್ದು ಅದೇ ಮೊದಲು. "ನಾನೇ ಓಡಿಸ್ಕಂಡ್ ಬಂದೆ ಕಣಕ್ಕ" ಅಂತ ಅಕ್ಕನಿಗೆ ಹೇಳುವ ಆತುರದಲ್ಲಿ ಕೀ ಬಿಟ್ಟು ಓಡಿಬಿಟ್ಟಳು. ಪೊಲೀಸರಿಗೂ ಊರಿಗೂ ತಪ್ಪು ನಂದು ಅಂತಲೇ ಹೇಳಿದ್ದೇನೆ. ಇನ್ನು ಜನ್ಮದಲ್ಲಿ ಮುಟ್ಟಲ್ಲ ಅಂತ ನಾಲ್ಕು ದಿನ ಊಟ ಬಿಟ್ಟಿದ್ದಳು. ಈಗ ಈ ಕಾಗದ ಓದಿ ಹೇಳಿದರೆ, "ನನ್ ತಪ್ಪ ನೀವ್ಯಾಕೆ ಒತ್ಕೊಂಡ್ರಿ, ಮಗಳಿಗೆ ನಿಜ ಬರೀರಿ" ಅಂದಳು. ಗುರುವಾರ ಅವಳ ಲೈಸೆನ್ಸ್ ಟೆಸ್ಟು. ಮಾದುವಿನ ಗಾಡಿ ಕೇಳಿದ್ದೇವೆ.