ಎಡಗಡೆಯ ಸೀಟಿ

ಮಾಕಳಿ, ತುಮಕೂರು ರಸ್ತೆ
11 ಆಗಸ್ಟ್ 2025, ಶ್ರಾವಣ ಸೋಮವಾರ

ಪ್ರೀತಿಯ ಮೇಘಾ,

ಹೇಗಿದ್ದೀಯಮ್ಮ? ಕಾಲಿನ ಊತ ಇಳಿದಿದೆಯೇ? ಒಂಬತ್ತಕ್ಕೆ ಬಿದ್ದಿದೆ, ಮಗು ಜೋರಾಗಿ ಒದೆಯುತ್ತದಂತೆ ಎಂದು ನನ್ನ ಮಗರಾಯ ಕೊಟ್ರೇಶಿ ಹೇಳಿದ. ಹರಪನಹಳ್ಳಿಯಲ್ಲಿ ತಾಯಿ ಕೈಯ ಊಟ ನಿನಗೆ ಸೇರುತ್ತಿದ್ದರೆ ಅಷ್ಟೇ ಸಾಕು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಹೋದಾಗಿನಿಂದ ಅತ್ತೆ ಸೊಸೆಯ ಫೋನು ‘ಊಟ ಆತಾ’, ‘ಆತ್ರಿ’ ಎನ್ನುವಲ್ಲಿಗೇ ಮುಗಿಯುತ್ತಿದೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಬರೆದ ಕೈ ಇದು. ಬಾಯಿ ಹಿಂಜರಿದದ್ದನ್ನು ಕೈ ಬರೆದೀತು ಎಂದು ಕೂತಿದ್ದೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನಾನೇ ತಿಳಿಸುತ್ತೇನೆ ಎಂದು ಕೊಟ್ರೇಶಿಯ ಬಾಯಿ ಇಷ್ಟು ದಿನ ಕಟ್ಟಿಹಾಕಿದ್ದೆ. ನನಗೆ ಇರುವುದು ದಮ್ಮಲ್ಲ. ಕ್ಯಾನ್ಸರೂ ಅಲ್ಲ. ಶ್ವಾಸನಾಳದ ಒಳಗೋಡೆಗೆ ಟಿ.ಬಿ. ಹತ್ತಿದೆ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದಂತೆ. ಟಿ.ಬಿ. ಎಂದು ಕೇಳಿ ಡಾಕ್ಟರಿಗೆ ಕೈಮುಗಿದ ಹೆಂಗಸು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇರಬೇಕು.

ಹೇಗೆ ಗೊತ್ತಾಯಿತು ಎಂದು ಹೇಳಬೇಕಾದರೆ ನನ್ನ ತಪ್ಪಿನಿಂದಲೇ ಶುರುಮಾಡಬೇಕು. ಯುಗಾದಿಗೆ ಮುಂಚೆ ಒಂದು ದಿನ ನೀನು ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕಿವಿ ಇಟ್ಟು ಕೇಳಿದ್ದೆ. “ಅತ್ತೀ, ಎಡಗಡೆ ಮಾತ್ರ ಸೀಟಿ ಹೊಡಿತೈತ್ರಿ. ದೊಡ್ಡಾಸ್ಪತ್ರಿಗೆ ಹೋಗೋಣ್ರಿ, ಟಿ.ಬಿ. ಏನಾರ ಇದ್ದರ...” ಅಂದೆ. ಮುಗಿಸುವುದಕ್ಕೂ ಬಿಡದೆ ನಾನು, “ನನ್ನ ಮನ್ಯಾಗ ಆ ಹೆಸರು ತಗೀಬ್ಯಾಡ. ನಾನು ಭಾರ ಆಗಿದ್ರ ಹಂಗಂತ ಹೇಳು” ಎಂದುಬಿಟ್ಟೆ. ಮೂಲೆಯ ಕ್ಲಿನಿಕ್ಕಿನವರು ಪೀಣ್ಯದ ಧೂಳಿಗೆ ಬಂದ ದಮ್ಮು ಎಂದು ಎಳೆದುಕೊಳ್ಳುವ ಔಷಧಿ ಕೊಟ್ಟಿದ್ದರಲ್ಲ, ಎರಡು ಸಲ ಕಫ ನೋಡಿ ಏನೂ ಇಲ್ಲ ಎಂದು ಬರೆದುಕೊಟ್ಟಿದ್ದರಲ್ಲ, ಆ ಚೀಟಿಯನ್ನೇ ನಿನ್ನ ಮುಖಕ್ಕೆ ಹಿಡಿದೆ. ನೀನು ನನ್ನ ಲೋಟ ಬೇರೆ ಇಟ್ಟಾಗ ಕೊಟ್ರೇಶಿಯ ಕಿವಿಗೆ ಏನೇನೋ ಊದಿದೆ. ನಿಮ್ಮಿಬ್ಬರಿಗೆ ಜಗಳ ಹಚ್ಚಿದವಳು ನಾನೇ. ಸೀಮಂತದ ಕುಬಸಕ್ಕೂ ಕಾಯದೆ ನೀನು ತವರಿನ ಬಸ್ಸು ಹತ್ತಿದೆ. ನಾನು ಬಾಗಿಲವರೆಗೂ ಬರಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಕೆಮ್ಮಿದಾಗ ಕಫದಲ್ಲಿ ರಕ್ತ ಕಂಡಿತು. ನೀರು ಸುರಿದು ತೊಳೆಯುವಷ್ಟರಲ್ಲಿ ಬಾಡಿಗೆ ಮನೆಯ ಒಡತಿ ಸೊಣ್ಣಮ್ಮ ನೋಡಿಬಿಟ್ಟಳು. “ಏನಮ್ಮಾ ಇದು? ಇಂಗೆ ಮುಚ್ಕೊಂಡು ಕುಂತ್ರೆ ಮೊಮ್ಮಗೀನ ಎತ್ತಾಡ್ಸಾಕಾಯ್ತದಾ?” ಎಂದು ಗದರಿ, ತಾನೇ ಫ್ಯಾಕ್ಟರಿಗೆ ಫೋನು ಮಾಡಿ ಕೊಟ್ರೇಶಿಯನ್ನು ಕರೆಸಿದಳು. ಅವನು ಮೆಷಿನ್ನಿನ ಎಣ್ಣೆ ಮೆತ್ತಿದ ಅಂಗಿಯಲ್ಲೇ ಓಡಿಬಂದು ಎದೆರೋಗದ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿ ಲಾವಣ್ಯ ಎಂಬ ಡಾಕ್ಟರು, ನಿನ್ನದೇ ವಯಸ್ಸು. ಬೆನ್ನಿನ ಎರಡೂ ಬದಿಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. “ಅಮ್ಮಾ, ಆಸ್ತಮಾ ಆದ್ರೆ ಎರಡೂ ಕಡೆ ಶಬ್ದ ಇರುತ್ತೆ. ನಿಮ್ಗೆ ಎಡಗಡೆ ಮಾತ್ರ ಇದೆ. ಇದನ್ನ ಮುಂಚೆ ಯಾರೂ ಗಮನಿಸ್ಲಿಲ್ವಾ?” ಎಂದರು. “ನನ್ನ ಸೊಸಿ ಗಮನಿಸಿದ್ಲ್ರಿ. ನಾನು ಕೇಳಲಿಲ್ಲ” ಎಂದೆ. ಕೊಟ್ರೇಶಿ ಗೋಡೆಯ ಕಡೆ ತಿರುಗಿ ನಿಂತ. ನನ್ನ ಮಗ ಅತ್ತದ್ದನ್ನು ಅವರಪ್ಪ ಹೋದ ದಿನ ಬಿಟ್ಟರೆ ಅವತ್ತೇ ನೋಡಿದ್ದು.

ಸ್ಕ್ಯಾನಿನಲ್ಲಿ ಎಡಗಡೆಯ ಕೊಳವೆ ಕಿರಿದಾಗಿ ಕಂಡಿತು. ಗಡ್ಡೆಯೂ ಇರಬಹುದು, ಒಳಗೆ ಇಳಿದು ನೋಡದೆ ಹೇಳಲಾಗದು ಎಂದರು. ಬ್ರಾಂಕೋಸ್ಕೋಪಿ ಎಂದು ಅದರ ಹೆಸರು. ಬೆಳಿಗ್ಗೆ ಹನಿ ನೀರೂ ಇಲ್ಲ. ಗಂಟಲಿಗೆ ಕಹಿ ಔಷಧಿ ಸಿಂಪಡಿಸಿದರು, ನಾಲಿಗೆ ನನ್ನದಲ್ಲ ಅನ್ನಿಸಿತು. ಕೈಗೊಂದು ಚುಚ್ಚುಮದ್ದು ಕೊಟ್ಟು, ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಮೂಗಿನಿಂದ ಇಳಿಸಿದರು. ಅರ್ಧ ಎಚ್ಚರ, ಅರ್ಧ ಮಂಪರು. ಉಸಿರೇ ನಿಂತಿತು ಅನ್ನಿಸಿ ನರ್ಸ್ ವೇಣಿಯ ಕೈ ಹಿಡಿದು ಹಿಸುಕಿದೆ. “ಕೆಮ್ಮಿ ಅಮ್ಮ, ಪರ್ವಾಗಿಲ್ಲ, ಉಸಿರು ಬರ್ತಾನೇ ಇದೆ” ಎನ್ನುತ್ತಲೇ ಇದ್ದಳು ಆ ಹುಡುಗಿ. ನಾಳದ ಗೋಡೆ ಊದಿ ಕೆಂಪಾಗಿ, ಅದರ ಮೇಲೆ ಮೊಸರು ಅಂಟಿದ ಹಾಗೆ ಬಿಳಿ ಪೊರೆ ಇತ್ತಂತೆ. ಚೂರು ಚಿವುಟಿ, ಒಂದಿಷ್ಟು ನೀರು ಬಿಟ್ಟು ಹಿಂದಕ್ಕೆ ಎಳೆದು ಪರೀಕ್ಷೆಗೆ ಕಳಿಸಿದರು. ಇಪ್ಪತ್ತು ನಿಮಿಷವೂ ಆಗಲಿಲ್ಲ.

ಆಮೇಲಿನ ದಿನಗಳೇ ಕಷ್ಟ. ನೀರಿನ ಪರೀಕ್ಷೆಯಲ್ಲಿ ಟಿ.ಬಿ. ಎಂದು ಮರುದಿನವೇ ಗೊತ್ತಾಯಿತು, ಆದರೆ ಚೂರಿನ ಫಲಿತಾಂಶ ಬರುವವರೆಗೆ ಕ್ಯಾನ್ಸರಿನ ಹೆದರಿಕೆ ಹೋಗಿರಲಿಲ್ಲ. ತೊಟ್ಟಿಲಿನ ಕನಸೂ ಬೀಳುತ್ತಿತ್ತು, ಚಟ್ಟದ ಕನಸೂ ಬೀಳುತ್ತಿತ್ತು. ಆರನೆಯ ದಿನ ಲಾವಣ್ಯ ಡಾಕ್ಟರು ಕಾಗದ ಹಿಡಿದು, “ಗಡ್ಡೆ ಇಲ್ಲ ಅಮ್ಮ, ಟಿ.ಬಿ. ಒಂದೇ” ಎಂದು ನಕ್ಕರು. ಕೊಟ್ರೇಶಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ನಗತೊಡಗಿದ. ಕೊಳವೆ ಪೂರಾ ಮೊದಲಿನಂತೆ ಅಗಲವಾಗದೆಯೂ ಇರಬಹುದು, ಎರಡು ತಿಂಗಳಿಗೆ ಮತ್ತೆ ಇಳಿಸಿ ನೋಡುತ್ತಾರೆ. ಇಳಿಸಲಿ. ಮಾತ್ರೆ ಶುರುವಾಗಿ ಹದಿನೇಳು ದಿನ. ನಿನ್ನೆ ಮಹಡಿಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದೆ.

ಒಂದು ಮಾತು ಮರೆಯುವ ಮುಂಚೆ. ತಟ್ಟೆ ಲೋಟದಿಂದ ಈ ರೋಗ ಹರಡುವುದಿಲ್ಲವಂತೆ, ಗಾಳಿಯಿಂದಲೇ. ಅಲ್ಲಿಗೆ ಅದೊಂದರಲ್ಲಾದರೂ ನಾನು ಗೆದ್ದೆ! ಮಿಕ್ಕಿದ್ದರಲ್ಲೆಲ್ಲ ನೀನೇ ಸರಿ. ನನ್ನನ್ನು ಕ್ಷಮಿಸು ಎಂದು ಅತ್ತೆಯೊಬ್ಬಳು ಬರೆಯುವುದು ಸುಲಭವಲ್ಲ, ಆದರೂ ಬರೆದಿದ್ದೇನೆ.

ನಿನ್ನ ತಂದೆತಾಯಿಗೆ ಶರಣು ತಿಳಿಸು. ಕೊಟ್ಟೂರೇಶ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ತಣ್ಣಗಿಡಲಿ.

ನಿನ್ನ ಅತ್ತೆ,
ಚನ್ನಬಸಮ್ಮ

ತಾ.ಕ.: ಕೊಟ್ರೇಶಿ ಅಂಚೆಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾನೆ. ಮುಖ್ಯ ವಿಷಯ ಇದು. ಒಂದು ವರ್ಷ ಅವನ ರಾತ್ರಿ ಪಾಳಿಯಲ್ಲೆಲ್ಲ ನೀನು ನನ್ನ ಪಕ್ಕದಲ್ಲೇ ಮಲಗಿದವಳು, ನೀನೂ ಪರೀಕ್ಷೆ ಮಾಡಿಸಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅವನದು ಆಗಿದೆ, ಏನೂ ಇಲ್ಲ. ಕಾಗದ ತಲುಪಿದ ದಿನವೇ ನಿನ್ನ ಹೆರಿಗೆ ಡಾಕ್ಟರ ಹತ್ತಿರ ಹೋಗು. ಅತ್ತೆಯ ಮಾನ ಕಾಯಲು ಹೋಗಿ ಕೆಮ್ಮು, ಧೂಳು ಎಂದೆಲ್ಲ ಹೇಳಬೇಡ. ‘ನಮ್ಮ ಅತ್ತಿಗೆ ಟಿ.ಬಿ. ಐತ್ರಿ’ ಎಂದು ಎಲ್ಲರಿಗೂ ಕೇಳುವಂತೆ ಹೇಳು.